ಲೋಟದ ಅಂಚಿನ ಉಪಚಾರ

ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುವುದು ಕನ್ನಡ ನಾಡಿನ ಹಳೆಯ ಪದ್ಧತಿ. ಬಾಯಾರಿಕೆಗೆ ನೀರು ಸಾಕಲ್ಲ, ಬೆಲ್ಲವೇಕೆ ಎಂದು ಕೇಳುವ ತರ್ಕಶಾಸ್ತ್ರಿಗಳು ಅಂದಿಗೂ ಇದ್ದಿರಬಹುದು. ಅಂಥವರಿಗೂ ಗೃಹಿಣಿ ಒಂದು ತುಂಡು ಬೆಲ್ಲವನ್ನು ಇಟ್ಟೇ ನೀರು ಕೊಟ್ಟಿದ್ದಾಳೆ. ನೀರು ಬಾಯಾರಿಕೆಗೆ, ಬೆಲ್ಲ ಬಂದವನಿಗೆ. ಈ ಅಂತರವನ್ನು ಅರಿತವರಿಗೆ, ಇಂದು ಪಟ್ಟಣದ ಮನೆಗಳಲ್ಲಿ ಗಾಜಿನ ಲೋಟದ ಅಂಚಿಗೆ ಸಿಕ್ಕಿಸುವ ನಿಂಬೆಯ ಬಿಲ್ಲೆಯನ್ನೂ ಪುದೀನದ ಕುಡಿಯನ್ನೂ ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಅರಿಯದವರು ಅದನ್ನು ಬರಿಯ ಬೆಡಗೆಂದು ನಕ್ಕು, ಬೆರಳಿನಿಂದ ತೆಗೆದು ತಟ್ಟೆಯ ಮೂಲೆಗೆ ಇಡುತ್ತಾರೆ.

ಇಂಗ್ಲಿಷಿನಲ್ಲಿ ಇದರ ಹೆಸರು ‘ಗಾರ್ನಿಶ್’. ಹೆಸರು ಹೊಸದಾದರೂ ವಸ್ತು ಹೊಸದಲ್ಲ. ರಾಮನವಮಿಯ ಪಾನಕಕ್ಕೆ ಕಡೆಯಲ್ಲಿ ಉದುರಿಸುವ ಏಲಕ್ಕಿಯ ಪುಡಿ, ನೀರುಮಜ್ಜಿಗೆಯಲ್ಲಿ ತೇಲುವ ಕೊತ್ತಂಬರಿ ಸೊಪ್ಪು, ಅದರ ಮೇಲೆ ಚುರ್ರೆಂದು ಬೀಳುವ ಇಂಗು ಸಾಸಿವೆಯ ಒಗ್ಗರಣೆ, ಶರಬತ್ತಿನಲ್ಲಿ ಉಬ್ಬಿ ನಿಂತ ಕಾಮಕಸ್ತೂರಿಯ ಬೀಜ, ಬೇಸಗೆಯ ಹೂಜಿಯಲ್ಲಿ ಮುಳುಗಿಸಿಟ್ಟ ಲಾವಂಚದ ಬೇರು, ಇವೆಲ್ಲ ಮತ್ತೇನು? ನಿಂಬೆಯ ಕಂಪಿನ ಒಂದು ಹುಲ್ಲಿಗೆ ಕನ್ನಡದಲ್ಲಿ ‘ಮಜ್ಜಿಗೆ ಹುಲ್ಲು’ ಎಂದೇ ಹೆಸರುಂಟು. ಅದರ ಸ್ಥಾನ ಯಾವುದೆಂದು ಹೆಸರೇ ಸಾರುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಅನ್ನಭೋಗಕ್ಕೆ ಒಂದು ಪ್ರಕರಣವಿರುವಂತೆ ಪಾನೀಯಭೋಗಕ್ಕೂ ಒಂದು ಪ್ರಕರಣವಿದೆ; ಕುಡಿಯುವ ನೀರಿಗೆ ಸುವಾಸನೆ ಕಟ್ಟುವ ಮಾತು ಅಲ್ಲಿ ಬರುತ್ತದೆ. ಬರಿಯ ನೀರನ್ನೂ ಬರಿದಾಗಿ ಕೊಡಬಾರದೆಂಬ ಭಾವನೆ ಈ ನೆಲಕ್ಕೆ ಹೊರಗಿನಿಂದ ಬಂದುದಲ್ಲ.

ಹೊರಗಿನಿಂದ ಬಂದುದು ಕಾಕ್‌ಟೇಲು. ಅದರ ಹಿಂದೆಯೇ ಮದ್ಯವಿಲ್ಲದ ಅದರ ತಂಗಿ ಮಾಕ್‌ಟೇಲು. ಕಾಕ್‌ಟೇಲು ಬೆಳೆದು ಹೆಸರಾದುದು 19ನೆಯ ಶತಮಾನದ ಅಮೆರಿಕದಲ್ಲಿ. 1862ರಲ್ಲಿ ಜೆರ್ರಿ ಥಾಮಸ್ ಎಂಬ ಪಾನಗೃಹದ ಪರಿಚಾರಕನು ಪಾನೀಯಗಳನ್ನು ಬೆರೆಸುವ ವಿದ್ಯೆಯನ್ನು ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿದ. ಆ ಬಗೆಯ ಅಮೆರಿಕದ ಪುಸ್ತಕಗಳಲ್ಲಿ ಅದೇ ಮೊದಲನೆಯದೆಂದು ಪ್ರಸಿದ್ಧಿ. ಆಯಾ ಋತುವಿನ ಹಣ್ಣುಗಳಿಂದ ಲೋಟವನ್ನು ಸಿಂಗರಿಸಬೇಕೆಂದು ಅದರಲ್ಲಿ ಮತ್ತೆ ಮತ್ತೆ ಹೇಳಿದೆ. ‘ಕ್ರಸ್ಟಾ’ ಎಂಬ ಪಾನೀಯವೂ ಅದರಲ್ಲಿ ಬಂದಿದೆ. ಲೋಟದ ಅಂಚಿಗೆ ಸಕ್ಕರೆಯ ಹರಳು, ಒಳಗಿನ ಸುತ್ತಿಗೆ ನಿಂಬೆಯ ಸಿಪ್ಪೆಯ ಅಗಲವಾದ ಪಟ್ಟಿ. ಇಂದು ಮಾರ್ಗರಿಟಾದ ಲೋಟದ ಅಂಚಿನಲ್ಲಿ ಕಾಣುವ ಉಪ್ಪು ಆ ಸಕ್ಕರೆಯ ಬಂಧುವೇ ಸರಿ.

ಅಲಂಕಾರವೆಂದರೆ ಮೇಲಿನ ಮಾತು, ಒಳಗಿನ ವಸ್ತುವೇ ಮುಖ್ಯ ಎಂದು ವಾದಿಸುವವರು ಮಾರ್ಟಿನಿಯ ಕಥೆಯನ್ನು ಕೇಳಬೇಕು. ಜಿನ್ನು ಮತ್ತು ವರ್ಮೂತುಗಳನ್ನು ಬೆರೆಸಿ ಆಲಿವ್ ಕಾಯಿಯೊಂದನ್ನು ಇಳಿಯಬಿಟ್ಟರೆ ಅದು ಮಾರ್ಟಿನಿ. ಆಲಿವ್ ತೆಗೆದು, ಹುಳಿನೀರಿನಲ್ಲಿ ನೆನೆದ ಪುಟ್ಟ ಈರುಳ್ಳಿಯನ್ನು ಹಾಕಿದರೆ ಅದರ ಹೆಸರು ಗಿಬ್ಸನ್. ಒಳಗಿನ ದ್ರವ ಅದೇ. ಈರುಳ್ಳಿಯೊಂದು ನಾಮಕರಣವನ್ನೇ ಬದಲಿಸಿತು! ಹವಾಯಿಯ ಹ್ಯಾರಿ ಯೀ ಎಂಬ ಹೆಸರಾಂತ ಪರಿಚಾರಕನು 1950ರ ದಶಕದಲ್ಲಿ ಲೋಟಕ್ಕೆ ಆರ್ಕಿಡ್ ಹೂವನ್ನು ಇಡಲಾರಂಭಿಸಿದ್ದಕ್ಕೆ ಕೊಡುವ ಕಾರಣ ಇನ್ನೂ ಸ್ವಾರಸ್ಯವಾಗಿದೆ. ಮೊದಲು ಅಲ್ಲಿ ಕಬ್ಬಿನ ಸೀಳನ್ನು ಇಡುತ್ತಿದ್ದರಂತೆ. ಜನ ಅದನ್ನು ಅಗಿದು ಬೂದಿಬಟ್ಟಲಿನಲ್ಲಿ ಹಾಕುವುದು, ಬೂದಿಯೂ ಸಿಹಿಯೂ ಸೇರಿ ಅಂಟುವುದು, ತೊಳೆಯುವವರ ಕೈ ಸೋಲುವುದು. ಹೂವಾದರೆ ಆ ತೊಂದರೆಯಿಲ್ಲ! ಚೆಲುವಿನ ಹಿಂದೆ ಇಂಥ ಪಾತ್ರೆ ತೊಳೆಯುವ ಕಷ್ಟಗಳೂ ಇರುತ್ತವೆಂಬುದನ್ನು ಗೃಹಿಣಿಯರಿಗೆ ಬೇರೆ ಹೇಳಬೇಕಾಗಿಲ್ಲ.

ಆದರೆ ಲೋಟದ ಅಂಚಿನ ಎಲೆಗೆ ಇದಕ್ಕಿಂತ ಹಿರಿದಾದ ಕೆಲಸವೊಂದುಂಟು. ಅದು ಕಣ್ಣಿಗಿಂತ ಹೆಚ್ಚಾಗಿ ಮೂಗಿಗೆ ಸಂಬಂಧಪಟ್ಟುದು. ನಾಲಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ ಮೊದಲಾದ ಕೆಲವೇ ರುಚಿಗಳು. ಉಳಿದುದೆಲ್ಲ ವಾಸನೆಯ ಕೊಡುಗೆ. ನೆಗಡಿಯಾದವನಿಗೆ ಹಬ್ಬದ ಊಟವೂ ಸಪ್ಪೆಯೆನಿಸುವುದು ಇದರಿಂದಲೆ. ಲೋಟವನ್ನು ತುಟಿಗೆ ತಂದಾಗ ಪಾನೀಯಕ್ಕಿಂತ ಮೊದಲು ಬಂದು ಮಾತನಾಡಿಸುವುದು ಅಂಚಿನಲ್ಲಿರುವ ಎಲೆಯ ಕಂಪು. ಅಮೆರಿಕದ ದಕ್ಷಿಣ ಭಾಗದಲ್ಲಿ ಪ್ರಸಿದ್ಧವಾದ ಮಿಂಟ್ ಜೂಲೆಪ್ ಎಂಬ ಪಾನೀಯದಲ್ಲಿ ಪುದೀನದ ಗೊಂಚಲನ್ನೇ ಲೋಟದ ಬಾಯಿಗೆ ನೆಡುತ್ತಾರೆ. ಕುಡಿಯುವವನ ಮೂಗು ಅದರೊಳಗೆ ಹೊಗದೆ ಗತ್ಯಂತರವಿಲ್ಲ. ಜೂಲೆಪ್ ಎಂಬ ಮಾತಾದರೂ ಗುಲಾಬಿ ನೀರೆಂಬ ಅರ್ಥದ ಪಾರಸಿಯ ‘ಗುಲಾಬ್’ ಎಂಬುದರಿಂದ, ಅರಬ್ಬರ ನಾಲಗೆಯ ಮೇಲೆ ಹಾದು ಬಂದುದು. ಪನ್ನೀರು ಚಿಮುಕಿಸಿ ಅತಿಥಿಯನ್ನು ಬರಮಾಡಿಕೊಳ್ಳುವ ಕನ್ನಡದ ಮದುವೆ ಮನೆಗೂ ಆ ದೂರದ ಪಾನಗೃಹಕ್ಕೂ ಒಂದು ಹೆಸರಿನ ನಂಟು ಹೀಗೆ ಉಳಿದುಕೊಂಡಿದೆ.

ಪುದೀನವನ್ನು ಕಲ್ಲಿನಲ್ಲಿ ಜಜ್ಜಿದವರು ಅದರ ಕಹಿಯನ್ನೂ ಕುಡಿಯಬೇಕಾಗುತ್ತದೆ. ಅದರ ತೈಲ ಇರುವುದು ಎಲೆಯ ಮೈಮೇಲಿನ ಸೂಕ್ಷ್ಮ ಗ್ರಂಥಿಗಳಲ್ಲಿ. ಕುಡಿಯನ್ನು ಒಂದು ಅಂಗೈಯಲ್ಲಿಟ್ಟು ಇನ್ನೊಂದರಿಂದ ಒಮ್ಮೆ ತಟ್ಟಿದರೆ ಸಾಕು, ಕಂಪು ಹೊರಡುತ್ತದೆ. ಕಿತ್ತಳೆಯ ವಿಷಯವೂ ಹಾಗೆಯೆ. ಕಿತ್ತಳೆಯ ಸಿಪ್ಪೆಯನ್ನು ಮಡಿಸಿ, ಅದರ ರಸವನ್ನು ತಂಗಿಯ ಕಣ್ಣಿಗೆ ಚಿಮ್ಮಿಸಿ ಅಳಿಸದ ಹುಡುಗನಿಲ್ಲ. ದೀಪದ ಮುಂದೆ ಹಿಂಡಿ ಕಿಡಿ ಹಾರಿಸಿ ಹಿರಿಯರಿಂದ ಬೈಸಿಕೊಳ್ಳದವನೂ ಇಲ್ಲ. ಆ ಚಿಮ್ಮುವ ಹನಿಗಳೇ ಕಿತ್ತಳೆಯ ತೈಲ. ಕೊಡಗಿನ ಕಿತ್ತಳೆಯ ಸಡಿಲವಾದ ಸಿಪ್ಪೆಯಿಂದ ಎರಡು ಬೆರಳಗಲದ ತುಂಡನ್ನು ತೆಗೆದು, ಒಳಗಿನ ಬಿಳಿಯ ಭಾಗವನ್ನು ಚಾಕುವಿನಿಂದ ಹೆರೆದು, ಹೊರಮೈಯನ್ನು ಪಾನೀಯದ ಕಡೆಗೆ ತಿರುಗಿಸಿ ಹಿಂಡಬೇಕು. ಬಿಳಿಯ ಭಾಗ ಕಹಿ. ಅದನ್ನು ಉಳಿಸಿದರೆ ಸೋಮಾರಿತನ ನಾಲಗೆಗೆ ತಿಳಿಯುತ್ತದೆ. ಅಂಗಡಿಯ ಹಣ್ಣಿಗೆ ಮೇಣ ಸವರಿರಬಹುದಾದ್ದರಿಂದ ಮೊದಲು ಬೆಚ್ಚಗಿನ ನೀರಿನಲ್ಲಿ ಉಜ್ಜಿ ತೊಳೆಯಬೇಕು. ಹಣ್ಣನ್ನು ತಿಂದು ಎಸೆಯುವ ಸಿಪ್ಪೆಗೆ ಈ ಗೌರವ! ಅತಿಥಿಗಾಗಿ ಖರ್ಚಾಗುವುದು ಹಣವಲ್ಲ, ಅರೆನಿಮಿಷದ ಗಮನ.

ಇನ್ನು ಅಂಚಿನ ಉಪ್ಪು. ಕೊಂಚ ಉಪ್ಪು ಕಹಿಯನ್ನು ಅಡಗಿಸಿ ಸಿಹಿಯನ್ನು ಮುಂದೆ ತರುತ್ತದೆ. ದ್ರಾಕ್ಷಿ, ಸೀಬೆ, ಮಾವಿನಕಾಯಿಗಳಿಗೆ ಉಪ್ಪು ಸವರುವ ತಳ್ಳುಗಾಡಿಯವನಿಗೆ ಈ ಶಾಸ್ತ್ರ ಚೆನ್ನಾಗಿ ಗೊತ್ತು. ಅವನ ವಿದ್ಯೆಯನ್ನೇ ಮನೆಯ ಲೋಟಕ್ಕೆ ತರಬಹುದು. ಅಂಚಿನ ಹೊರಮೈಗೆ ಮಾತ್ರ ನಿಂಬೆಯ ಹೋಳನ್ನು ಸವರಿ, ಉಪ್ಪನ್ನೂ ಬ್ಯಾಡಗಿ ಮೆಣಸಿನಕಾಯಿಯ ಪುಡಿಯನ್ನೂ ಬೆರೆಸಿ ಹರಡಿದ ತಟ್ಟೆಯಲ್ಲಿ ಉರುಳಿಸಿದರಾಯಿತು. ಬ್ಯಾಡಗಿಯದು ಬಣ್ಣ ಹೆಚ್ಚು, ಖಾರ ಕಡಿಮೆ. ಈ ಕೆಲಸಕ್ಕೆ ಹೇಳಿ ಮಾಡಿಸಿದಂಥದು. ಸುತ್ತಿನ ಅರ್ಧಕ್ಕೆ ಮಾತ್ರ ಸವರುವುದು ಮರ್ಯಾದೆ. ಬೇಕಾದವರು ಆ ಕಡೆಯಿಂದ ಕುಡಿಯಲಿ, ಬೇಡವಾದವರು ಈ ಕಡೆಯಿಂದ. ಉಪಚಾರ ಬಲವಂತವಾಗಬಾರದು.

ಮಕ್ಕಳಿರುವ ಮನೆಯಲ್ಲಿ ಇನ್ನೂ ಕೆಲವು ಸೋಜಿಗಗಳನ್ನು ಮಾಡಬಹುದು. ನೀಲಿ ಶಂಖಪುಷ್ಪದ ಐದಾರು ಹೂಗಳನ್ನು ತೊಳೆದು ಬಿಸಿನೀರಿನಲ್ಲಿ ನೆನೆಯಿಟ್ಟರೆ ನೀರು ಕಡುನೀಲಿಯಾಗುತ್ತದೆ. ಆರಿದ ಮೇಲೆ ಸಕ್ಕರೆ ಪಾಕ ಬೆರೆಸಿ, ಎಲ್ಲರ ಕಣ್ಣೆದುರಿಗೆ ನಿಂಬೆರಸ ಹಿಂಡಿದರೆ ನೀಲಿ ಹೋಗಿ ನೇರಳೆ ಬರುತ್ತದೆ. ಹೂವಿನ ಬಣ್ಣ ಹುಳಿಗೆ ತಕ್ಕಂತೆ ವೇಷ ಬದಲಿಸುವುದೇ ಇದರ ಗುಟ್ಟು. ಸೋಡದ ಲೋಟಕ್ಕೆ ನಾಲ್ಕು ಒಣದ್ರಾಕ್ಷಿ ಹಾಕಿದರೆ ಅವು ಮುಳುಗಿ, ಸುಕ್ಕಿನ ಮೈಗೆ ಗುಳ್ಳೆಗಳು ಅಂಟಿ, ಮೇಲೆ ತೇಲಿ, ಗುಳ್ಳೆ ಒಡೆದೊಡನೆ ಮತ್ತೆ ಮುಳುಗುತ್ತವೆ. ಮಂಜುಗಡ್ಡೆಯ ಅಚ್ಚಿಗೆ ಅರ್ಧ ನೀರು ತುಂಬಿ ಗಟ್ಟಿಯಾಗಿಸಿ, ಮೇಲೊಂದು ತುಳಸಿಯ ದಳವನ್ನೋ ದಾಳಿಂಬೆಯ ಕಾಳನ್ನೋ ಇಟ್ಟು ಮತ್ತೆ ನೀರು ತುಂಬಿದರೆ ಅದು ನಡುವೆ ನಿಲ್ಲುತ್ತದೆ. ಒಮ್ಮೆಗೇ ತುಂಬಿದರೆ ದಳ ಮೇಲಕ್ಕೆ ತೇಲಿ ಹೋಗುತ್ತದೆ, ಕಾಳು ತಳಕ್ಕಿಳಿಯುತ್ತದೆ. ಪಾನೀಯದ ಮೇಲೆ ಕೆಂಪಗೆ ಕೂರುವ ಚೆರಿಗಾಗಿ ವಿಲಾಯಿತಿಯ ಕಡೆ ನೋಡಬೇಕಾಗಿಲ್ಲ. ಬೇಕರಿಯ ಕೇಕಿನ ಮೇಲೆ ಚೆರಿಯೆಂದು ಮೆರೆಯುವುದು ಅನೇಕ ವೇಳೆ ಸಕ್ಕರೆ ಪಾಕದಲ್ಲಿ ಬೆಂದು ಬಣ್ಣ ಬಳಿದುಕೊಂಡ ಕವಳೆಕಾಯಿಯೆ. ಬೇಲಿಯ ಮುಳ್ಳಿನ ನಡುವೆ ಬೆಳೆದು, ಉಪ್ಪಿನಕಾಯಿಯ ಭರಣಿಯಲ್ಲಿ ಹೆಸರಾದ ಕಾಯಿ ಪೇಟೆಗೆ ಬಂದು ಹೆಸರು ಬದಲಿಸಿಕೊಂಡಿದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಈ ಶ್ರಮ ಯಾರಿಗಾಗಿ?

ಪಟ್ಟಣದ ಮಧ್ಯಮ ವರ್ಗದ ಮನೆಗಳಲ್ಲಿ ಈಗ ಸಂಜೆಯ ಕೂಟಗಳು ಅಪರೂಪವಲ್ಲ. ಮಗನಿಗೆ ಬಡ್ತಿ ಬಂದಿತೆಂದೋ, ಹೊರದೇಶದಿಂದ ಗೆಳೆಯರು ಬಂದರೆಂದೋ ಹತ್ತು ಜನ ಸೇರುತ್ತಾರೆ. ಅವರಲ್ಲಿ ನಾಲ್ವರು ಕುಡಿಯುವವರು, ಆರು ಮಂದಿ ಕುಡಿಯದವರು. ಕುಡಿಯುವ ನಾಲ್ವರಿಗೆ ಎತ್ತರದ ಗಾಜಿನ ಲೋಟ, ಮಂಜುಗಡ್ಡೆ, ನಿಂಬೆಯ ಬಿಲ್ಲೆ, ಪುದೀನ. ಉಳಿದವರಿಗೆ? ದೊಡ್ಡ ಸೀಸೆಯಿಂದ ಕಾಗದದ ಲೋಟಕ್ಕೆ ಸುರಿದ ಬಣ್ಣದ ಸಿಹಿನೀರು. ಗರ್ಭಿಣಿಯಾದ ಸೊಸೆ, ಕಾರು ನಡೆಸಬೇಕಾದ ಅಳಿಯ, ವ್ರತನಿಷ್ಠೆಯ ಅತ್ತೆ, ಔಷಧಿ ಸೇವಿಸುತ್ತಿರುವ ಮಾವ, ಇಷ್ಟವಿಲ್ಲವೆಂಬ ಒಂದೇ ಕಾರಣವುಳ್ಳ ಗೆಳತಿ, ಎಲ್ಲರೂ ಆ ಒಂದೇ ಸಾಲಿನಲ್ಲಿ. ಯಾರೂ ಅವಮಾನ ಮಾಡಬೇಕೆಂದು ಮಾಡಿದ್ದಲ್ಲ. ಆದರೂ ಪಂಕ್ತಿಭೇದವೆಂದರೆ ಇದೇ ಅಲ್ಲವೆ? ಊಟದ ಎಲೆಯ ಮುಂದೆ ಪಂಕ್ತಿಭೇದ ಸಲ್ಲದೆಂದು ಸಿಟ್ಟಾಗುವ ಮನೆಗಳಲ್ಲಿಯೆ ಲೋಟದ ಮುಂದೆ ಅದು ಸದ್ದಿಲ್ಲದೆ ಬಂದು ಕುಳಿತಿದೆ.

ಬೆಂಗಳೂರಿನ ಅಂಥದೊಂದು ಮನೆಯಲ್ಲಿ ಗೃಹಿಣಿಯ ಅಣ್ಣನೊಬ್ಬ ಕುಡಿತವನ್ನು ಬಿಟ್ಟು ಎರಡು ವರ್ಷವಾಗಿತ್ತು. ಬಿಡುವುದಕ್ಕೆ ಮೊದಲು ಆ ಸಂಸಾರ ಕಂಡ ರಾತ್ರಿಗಳನ್ನು ತಂಗಿ ಬಲ್ಲಳು. ಬಿಟ್ಟ ಮೇಲೆ ಅವನು ಕಂಡುದು ಬೇರೆಯ ಕಷ್ಟ. ಯಾವ ಮನೆಗೆ ಹೋದರೂ ಕೈಯಲ್ಲಿ ನೀರಿನ ಲೋಟ, ಅದನ್ನು ಕಂಡವರೆಲ್ಲ, “ಏನ್ರೀ, ನೀವು ತೊಗೊಳ್ಳೋದಿಲ್ವೆ? ಯಾಕೆ?” ಎಂದು ಕೇಳುವವರೆ. ಒಬ್ಬರಿಗೆ ಪಿತ್ತವೆಂದು ಹೇಳಿ, ಇನ್ನೊಬ್ಬರಿಗೆ ಡಾಕ್ಟರು ಬೇಡವೆಂದರೆಂದು ಹೇಳಿ, ಮೂರನೆಯವರಿಗೆ ಹೇಳುವ ಹೊತ್ತಿಗೆ ಅವನ ಮುಖ ಬಾಡಿರುತ್ತಿತ್ತು. ಬರಬರುತ್ತ ಅವನು ಕೂಟಗಳಿಗೆ ಬರುವುದನ್ನೇ ಬಿಟ್ಟ. ಕುಡಿತ ಬಿಟ್ಟವನು ಬಂಧುಗಳನ್ನೂ ಬಿಡುವಂತಾಯಿತು.

ಮನೆಯ ಯಜಮಾನನ ಐವತ್ತನೆಯ ಹುಟ್ಟುಹಬ್ಬಕ್ಕೆ ತಂಗಿ ಅವನನ್ನು ಒತ್ತಾಯದಿಂದ ಕರೆಸಿದಳು. ಮಧ್ಯಾಹ್ನವೇ ಶುಂಠಿಯನ್ನು ಜಜ್ಜಿ ರಸ ತೆಗೆದು, ಬೆಲ್ಲದ ಪಾಕ ಕಾಯಿಸಿ ಸೋಸಿ, ನಿಂಬೆರಸ ಹಿಂಡಿಟ್ಟಳು. ಸಂಜೆ ಮಂಜುಗಡ್ಡೆಯ ಮೇಲೆ ಅವನ್ನು ಸುರಿದು ಸೋಡ ತುಂಬಿಸಿದಳು. ಅದು ರಾಮನವಮಿಯ ಪಾನಕವೆ. ಸೋಡದ ಗುಳ್ಳೆ ಮಾತ್ರ ಹೊಸತು. ಕಿತ್ತಳೆಯ ಸಿಪ್ಪೆಯನ್ನು ಹಿಂಡಿ ಒಳಗಿಳಿಸಿ, ಮಜ್ಜಿಗೆ ಹುಲ್ಲಿನ ದಂಟೊಂದನ್ನು ಕಲಕುವ ಕಡ್ಡಿಯಂತೆ ನಿಲ್ಲಿಸಿದಳು. ಮದ್ಯದ ಲೋಟಗಳೂ ಅವೇ, ಕಡ್ಡಿಯೂ ಅದೇ. ಅವುಗಳ ಅಂಚಿನಲ್ಲಿ ಮಾತ್ರ ಒಂದೊಂದು ನಿಂಬೆಯ ಬಿಲ್ಲೆ. ಅದು ಅವಳ ಗುರುತು. ಯಾವುದರಲ್ಲಿ ಏನಿದೆಯೆಂಬುದನ್ನು ಬಡಿಸುವವಳು ತಪ್ಪಬಾರದಷ್ಟೆ.

ಅಣ್ಣನಿಗೆ ಲೋಟ ಕೊಡುವಾಗ ತಗ್ಗಿದ ದನಿಯಲ್ಲಿ, “ಅಣ್ಣ, ಇದು ಬರೀ ಶುಂಠಿ, ಬೆಲ್ಲ, ನಿಂಬೆ. ಬೇರೇನೂ ಇಲ್ಲ. ನಿನಗೆ ಶುಂಠಿ ಒಂದಿಷ್ಟು ಹೆಚ್ಚಾಗಿಯೇ ಹಾಕಿದ್ದೇನೆ” ಎಂದಳು. ಅವನು ತಲೆಯಾಡಿಸಿದ.

ಸ್ವಲ್ಪ ಹೊತ್ತಿಗೆ ಯಜಮಾನನ ಕಚೇರಿಯ ಗೆಳೆಯರೊಬ್ಬರು ಬಂದು ಅವನ ಪಕ್ಕದಲ್ಲಿ ಕುಳಿತು, ತಮ್ಮ ಲೋಟವನ್ನೂ ಅವನ ಲೋಟವನ್ನೂ ನೋಡಿ, “ಹೇಗಿದೆ ಸಾರ್?” ಎಂದು ಕೇಳಿದರು.

“ಕೊಂಚ ಖಾರ,” ಎಂದ ಅವನು.

“ನನ್ನದು ಅಷ್ಟು ಖಾರವಿಲ್ಲವಲ್ಲ!” ಎಂದು ಅವರು ಅಸೂಯೆಯಿಂದ ನೋಡಿದರು. ಮಾತು ಕ್ರಿಕೆಟ್ಟಿಗೆ ಹೊರಳಿತು. ಅವನು ರಾತ್ರಿ ಹನ್ನೊಂದರವರೆಗೂ ಇದ್ದು, ಎರಡನೆಯ ಲೋಟವನ್ನು ಕೇಳಿ ಕುಡಿದು, ಅಕ್ಕಪಕ್ಕದವರೊಡನೆ ನಕ್ಕು, ಊಟ ಮುಗಿಸಿ ಹೋದ. ಅವನು ಸುಳ್ಳು ಹೇಳಬೇಕಾಗಲಿಲ್ಲ; ತನ್ನ ನಿಜವನ್ನು ನಡುಮನೆಯಲ್ಲಿ ಹರಡಬೇಕಾಗಲೂ ಇಲ್ಲ. ಒಂದು ಸಿಪ್ಪೆ, ಒಂದು ಹುಲ್ಲಿನ ಕಡ್ಡಿ ಅಷ್ಟು ಕೆಲಸ ಮಾಡಿದುವು.

ಇದನ್ನು ಮರೆಮಾಚುವಿಕೆಯೆಂದು ಕರೆಯುವವರುಂಟು. ಬಿಟ್ಟವನು ಧೈರ್ಯವಾಗಿ ಬಿಟ್ಟಿದ್ದೇನೆಂದು ಸಾರಲಿ ಎಂಬುದು ಅವರ ವಾದ. ಸಾರಬೇಕೆನ್ನುವವನು ಧಾರಾಳವಾಗಿ ಸಾರಲಿ. ಆದರೆ ಪ್ರತಿಯೊಂದು ಸಂಜೆಯೂ, ಪ್ರತಿಯೊಬ್ಬ ಪರಿಚಿತನ ಮುಂದೆಯೂ ಸಾರಲೇಬೇಕೆಂಬ ಶಿಕ್ಷೆಯನ್ನು ಅತಿಥೇಯರು ವಿಧಿಸಬಾರದು. ಸಮಾನವಾದ ಲೋಟ ಆ ಪ್ರಶ್ನೆಯನ್ನೇ ಹುಟ್ಟಗೊಡುವುದಿಲ್ಲ. 1930ರ ದಶಕದ ಹಾಲಿವುಡ್ಡಿನ ಬಾಲತಾರೆ ಶರ್ಲಿ ಟೆಂಪಲ್ ಹೆಸರಿನಲ್ಲಿ ಒಂದು ಪಾನೀಯ ಇಂದಿಗೂ ಪ್ರಸಿದ್ಧವಾಗಿದೆ. ಶುಂಠಿಯ ಸೋಡ, ದಾಳಿಂಬೆಯ ಕೆಂಪು ಪಾಕ, ಮೇಲೊಂದು ಚೆರಿ, ಇಷ್ಟೇ ಅದು. ದೊಡ್ಡವರ ನಡುವೆ ಕುಳಿತ ಮಗುವಿಗೂ ದೊಡ್ಡವರದರಂತೆ ಸಿಂಗಾರವಾದ ಲೋಟ ಬೇಕೆಂಬ ಸಣ್ಣ ನ್ಯಾಯವೇ ಅದರ ಜೀವಾಳ.

ಮದ್ಯ ಬಿಟ್ಟವರಿಗೆ ಕೊಡುವಾಗ ಒಂದು ಎಚ್ಚರಿಕೆ ಅಗತ್ಯ. ಸುವಾಸನೆಗೆಂದು ಹಾಕುವ ‘ಬಿಟರ್ಸ್’ ಎಂಬ ಕಹಿಹನಿಗಳಲ್ಲಿ ಸಾಮಾನ್ಯವಾಗಿ ಮದ್ಯಸಾರವಿರುತ್ತದೆ. ಅವನ್ನು ಅವರ ಲೋಟದ ಬಳಿಗೆ ತರಬಾರದು. ಏನೇನು ಹಾಕಿದೆಯೆಂದು ಕೇಳುವ ಮೊದಲೇ ಹೇಳುವುದು ಇನ್ನೂ ಒಳ್ಳೆಯದು.

ಅಲಂಕಾರದ ಹುಚ್ಚು ಹತ್ತಿದವರು ಗಮನಿಸಬೇಕಾದ ಬೇರೆ ಸಂಗತಿಗಳೂ ಇವೆ. ಹಿತ್ತಲಲ್ಲಿ ಅರಳಿದುದೆಲ್ಲ ಬಾಯಿಗೆ ಸಲ್ಲುವ ಹೂವಲ್ಲ. ದೇವರ ಪೂಜೆಗೆ ಬರುವ ಕಣಗಿಲೆ ಗಿಡದ ಎಲ್ಲ ಭಾಗವೂ ವಿಷ. 2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ಮತ್ತು ಮಲಬಾರು ದೇವಸ್ವಂ ಮಂಡಳಿಗಳು ನೈವೇದ್ಯ ಪ್ರಸಾದಗಳಲ್ಲಿ ಆ ಹೂವನ್ನು ಬಳಸಬಾರದೆಂದು ತೀರ್ಮಾನಿಸಿದುವು. ದತ್ತೂರಿಯೂ ಅಂಥದೇ. ಪೇಟೆಯ ಮಾರುಕಟ್ಟೆಯಲ್ಲಿ ಮಾಲೆಗೆಂದು ಮಾರುವ ಗುಲಾಬಿ ಸೇವಂತಿಗೆಗಳಿಗೆ ಕೀಟನಾಶಕ ಹೊಡೆದಿರಬಹುದು. ಅವು ಮುಡಿಗೆ ಸರಿ, ಲೋಟಕ್ಕಲ್ಲ. ಹೊಗೆಯಾಡುವ ಪಾನೀಯದ ಮೋಹವಂತೂ ಮನೆಗೆ ಬೇಡವೇ ಬೇಡ. 2012ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ನಗರದಲ್ಲಿ ದ್ರವ ನೈಟ್ರೋಜನ್ ಹಾಕಿದ್ದ ಪಾನೀಯವನ್ನು ಹದಿನೆಂಟು ತುಂಬಿದ ಸಂಭ್ರಮದಲ್ಲಿ ಕುಡಿದ ತರುಣಿಯೊಬ್ಬಳ ಜೀವ ಉಳಿಸಲು ವೈದ್ಯರು ಅವಳ ಜಠರವನ್ನೇ ತೆಗೆಯಬೇಕಾಯಿತು. ಹಣ್ಣಿನ ಚೂರುಗಳನ್ನು ಚುಚ್ಚುವ ಕಡ್ಡಿ ಲೋಟಕ್ಕಿಂತ ಉದ್ದವಾಗಿ, ಕಣ್ಣಿಗೆ ಕಾಣುವಂತಿರಬೇಕು. ಮುಳುಗುವ ಗಿಡ್ಡ ಕಡ್ಡಿ ಗಂಟಲಿಗೆ ಅಪಾಯ. ನಿಂಬೆಹಣ್ಣು ಹಿಂಡಿದ ಕೈಯನ್ನು ತೊಳೆಯದೆ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತೆ ಬೊಕ್ಕೆಯೇಳುವುದೂ ಉಂಟು.

ಅಪಾಯವಿಲ್ಲದಿದ್ದರೂ ಅತಿ ಒಳ್ಳೆಯದಲ್ಲ. ಅನಾನಸಿನ ಹೋಳು, ಚೆರಿ, ಕಾಗದದ ಕೊಡೆ, ಹೂವು, ಹುಲ್ಲು, ಎಲ್ಲವನ್ನೂ ಒಂದೇ ಲೋಟಕ್ಕೆ ಹೇರಿದರೆ ಕುಡಿಯುವವನಿಗೆ ತುಟಿಯಿಡಲು ಜಾಗವಿರುವುದಿಲ್ಲ. ಪಾನೀಯದ ಒಳಗಿರುವ ಒಂದು ವಸ್ತುವನ್ನೋ ಅದಕ್ಕೆ ಒಗ್ಗುವ ಒಂದು ಕಂಪನ್ನೋ ಅಂಚಿಗೆ ತಂದರೆ ಸಾಕು. ಮುರುಗಲಿನ ಶರಬತ್ತಿಗೆ ಜೀರಿಗೆಯ ಪುಡಿಯ ಅಂಚು, ಕಲ್ಲಂಗಡಿಯ ರಸಕ್ಕೆ ಪುದೀನ, ಬೇಲದ ಹಣ್ಣಿನ ಪಾನಕಕ್ಕೆ ಏಲಕ್ಕಿ, ಎಳನೀರಿಗೆ ಒಂದೆರಡು ಚೂರು ಗಂಜಿ. ಕೈಗೆಟುಕುವುದನ್ನು ಹೊತ್ತಿಗೆ ಸರಿಯಾಗಿ ಇಡುವುದೇ ಜಾಣತನ.

ಇದಕ್ಕೆ ಬೇಕಾದ ಬಂಡವಾಳವೂ ಅಲ್ಪ. ತರಕಾರಿಯವಳಿಂದ ತಂದ ಪುದೀನದ ಕಟ್ಟಿನಲ್ಲಿ ಗಟ್ಟಿಯಾದ ನಾಲ್ಕು ದಂಟುಗಳನ್ನು ಆರಿಸಿ, ಕೆಳಗಿನ ಎಲೆಗಳನ್ನು ಬಿಡಿಸಿ, ನೀರಿನ ಲೋಟದಲ್ಲಿ ಕಿಟಕಿಯ ಬಳಿ ಇಟ್ಟರೆ ಕೆಲವು ದಿನಗಳಲ್ಲಿ ಬಿಳಿಯ ಬೇರು ಹೊರಡುತ್ತದೆ. ಅಗಲವಾದ ಕುಂಡದಲ್ಲಿ ನೆಟ್ಟು, ದಿನಕ್ಕೊಮ್ಮೆ ನೀರು ಹಾಕಿ, ಅರೆಬಿಸಿಲಿನಲ್ಲಿಟ್ಟರೆ ಅದು ಕುಂಡದ ತುಂಬ ಹಬ್ಬುತ್ತದೆ. ತುದಿಯನ್ನು ಚಿವುಟಿದಷ್ಟೂ ಹೊಸ ಕವಲುಗಳು ಹುಟ್ಟುತ್ತವೆ. ಬಾಗಿಲ ಗಂಟೆ ಬಾರಿಸಿದೊಡನೆ ಎರಡು ಕುಡಿ ಚಿವುಟಿಕೊಂಡು ಒಳಗೆ ಹೋದರಾಯಿತು. ಬಂದವರು ಏನು ಕುಡಿಯುವವರು, ಏನು ಕುಡಿಯದವರು ಎಂಬುದನ್ನು ಆಮೇಲೆ ಕೇಳಬಹುದು.